ಮೊಹರು ಹಾಕಿಸದೆ ಬರಬೇಡ

ಕಂಪನಿಯವರು ನನ್ನ ಕೈಗೆ ಕೊಟ್ಟ ಪುಸ್ತಕದಲ್ಲಿ ಅರವತ್ತು ವಾಕ್ಯಗಳಿದ್ದವು. ‘ಆಗಲಿ ಸರ್’ ಎಂದು ಶುರುವಾಗಿ ‘ಅರ್ಥವಾಯಿತು, ಈಗಲೇ ಮಾಡುತ್ತೇನೆ’ ಎಂದು ಮುಗಿಯುತ್ತಿತ್ತು. ನಡುವೆ ‘ಕ್ಷಮಿಸಿ’ ಹನ್ನೊಂದು ಸಲ ಬರುತ್ತಿತ್ತು, ನಾನು ಎಣಿಸಿದ್ದೇನೆ. ‘ಇಲ್ಲ’ ಎಂಬ ಮಾತು ಮಾತ್ರ ಒಂದು ಸಲವೂ ಇರಲಿಲ್ಲ. ಮಾತು ಬಾರದ ಹಸುಗೂಸು ಕೂಡ ಬಾಯಿಗಿಟ್ಟದ್ದನ್ನು ಉಗಿದು ಬೇಡ ಅನ್ನುತ್ತದೆ. ಆ ಪುಸ್ತಕ ಬರೆದ ಪುಣ್ಯಾತ್ಮನಿಗೆ ಅಷ್ಟೂ ಹೊಳೆದಿರಲಿಲ್ಲ. ಪಾಠದ ಕೋಣೆಯಲ್ಲಿದ್ದ ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಪುಸ್ತಕವನ್ನು ಅದರ ಕೆಳಗೆ ತುರುಕಿದೆ. ಮೇಜು ಅಲ್ಲಾಡದೆ ನಿಂತಿತು. ಆ ಪುಸ್ತಕದಿಂದ ಆದ ಉಪಕಾರ ಅಷ್ಟೇ.

ಅದು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆ. ನಾಲ್ಕು ಆಸ್ಪತ್ರೆಗಳ ಹೊದಿಕೆ, ದಿಂಬಿನ ಚೀಲ, ವೈದ್ಯರ ಹಸಿರು ಅಂಗಿ ಬೆಳಗ್ಗೆ ಮೂಟೆಗಟ್ಟಲೆ ಬಂದು ಸಂಜೆ ಮಡಿಕೆಯಾಗಿ ಹೋಗುತ್ತಿದ್ದವು. ಕೆಲಸದವರಲ್ಲಿ ಅರ್ಧಕ್ಕರ್ಧ ಮಂದಿ ಬೇರೆ ನಾಡುಗಳಿಂದ ಬಂದವರು, ಈ ಊರಿನ ಭಾಷೆ ಬಾರದವರು. ಮೇಲಿನವರು ಹೇಳಿದ್ದು ಅವರಿಗೆ ತಿಳಿಯಲಿ ಎಂದು ಕಂಪನಿ ಪಾಠ ಇಟ್ಟಿತ್ತು. ಅವರು ಹೇಳುವುದು ಮೇಲಿನವರಿಗೆ ತಿಳಿಯಲಿ ಎಂಬ ಯೋಚನೆ ಯಾರಿಗೂ ಇರಲಿಲ್ಲ. ವಾರಕ್ಕೆ ಎರಡು ದಿನ, ಮೊದಲ ಪಾಳಿ ಮುಗಿದ ಮೇಲೆ, ಹರಿದ ಬಟ್ಟೆ ಹೊಲಿಯುವ ಕೋಣೆಯಲ್ಲಿ ಒಂದು ಗಂಟೆ.

ನಾನು ಟೀಚರ್ ಅಲ್ಲ. ಇಪ್ಪತ್ತಾರು ವರ್ಷ ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು. ಕಡಿಮೆ ಸಂಬಳಕ್ಕೆ ಒಪ್ಪಿದ್ದು ನಾನೊಬ್ಬಳೇ ಇರಬೇಕು, ಅದಕ್ಕೇ ಕೆಲಸ ಸಿಕ್ಕಿತು. ನಮ್ಮ ಯಜಮಾನರು ವಿಷಯ ಕೇಳಿ ಪತ್ರಿಕೆಯಿಂದ ತಲೆ ಎತ್ತದೆ ಹೇಳಿದರು: “ಇಪ್ಪತ್ತಾರು ವರ್ಷ ಜನರ ಬಾಯಿ ಮುಚ್ಚಿಸ್ದೆ. ಈಗ ಬಾಯಿ ತೆರೆಸಕ್ಕೆ ಹೊರಟ್ಯಾ?” ಅವರು ತಮಾಷೆಗೆ ಅಂದದ್ದು. ನನಗೆ ಅದೇ ಪಾಠದ ಯೋಜನೆಯಾಯಿತು.

ಸೋಪಿನ ಪುಡಿ ತುಂಬಿಕೊಂಡು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಕತ್ತರಿಯಿಂದ ಒಂದು ಕಿಟಕಿ ಕೊರೆದೆ. ಬೇಕಂತಲೇ ತೀರ ಕೆಳಗೆ ಕೊರೆದೆ. ಬಗ್ಗದೆ ಮಾತಾಡಲಾಗದ ಹಾಗೆ ಕಿಟಕಿ ಇಡುವುದು ಕಚೇರಿಗಳ ಹಳೆಯ ಉಪಾಯ. ಬೆನ್ನು ಬಗ್ಗಿದವನ ದನಿಯೂ ಬಗ್ಗುತ್ತದೆ. ಆಮೇಲೆ ಚೀಲದಿಂದ ನನ್ನ ಹಳೆಯ ರಬ್ಬರ್ ಮೊಹರು ತೆಗೆದಿಟ್ಟೆ. ‘ಸ್ವೀಕರಿಸಲಾಗಿದೆ’ ಎಂದು ಬೀಳುವ ಮೊಹರು. ಅಂಚು ಸವೆದು ಹೊಸದು ಬಂದಾಗ ಹಳೆಯದನ್ನು ಬುಟ್ಟಿಗೆ ಹಾಕುವ ಬದಲು ಚೀಲಕ್ಕೆ ಹಾಕಿಕೊಂಡಿದ್ದೆ. ಕದ್ದದ್ದು ಅಂತಲೇ ಅನ್ನಿ, ನನಗೇನೂ ನಾಚಿಕೆಯಿಲ್ಲ.

ಪಾಠ ಇಷ್ಟೇ. ನಾನು ಕಿಟಕಿಯ ಹಿಂದೆ ಕೂರುವುದು, ಅವರು ಒಂದು ದೂರು ತರುವುದು, ನನ್ನಿಂದ ಮೊಹರು ಹಾಕಿಸಿಕೊಂಡು ಹೋಗುವುದು. ನನ್ನ ಕಸುಬಿನ ಕುಯುಕ್ತಿಗಳನ್ನೆಲ್ಲ ಬಿಚ್ಚಿದೆ. ಸಾಹೇಬರು ರಜೆ ಅಂದೆ. ಈ ಕಿಟಕಿ ಅಲ್ಲ, ಪಕ್ಕದ್ದು ಅಂದೆ, ಪಕ್ಕದಲ್ಲಿ ಗೋಡೆ ಇತ್ತು. ನಾಳೆ ಬಾ ಅಂದೆ. ಇನ್ನೊಂದು ಕಾಗದ ಬೇಕು ಅಂದೆ, ಯಾವ ಕಾಗದ ಅಂತ ಕೇಳಿದರೆ ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಎಲ್ಲಕ್ಕಿಂತ ಬಲವಾದದ್ದು ಏನೂ ಹೇಳದೆ ಸುಮ್ಮನೆ ಮುಖ ನೋಡುವುದು. ಎಂಥ ಗಟ್ಟಿಗನೂ ಎರಡು ನಿಮಿಷದಲ್ಲಿ ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು ಹಿಂದೆ ಸರಿಯುತ್ತಾನೆ. ಮೊದಲ ದಿನ ಹನ್ನೊಂದು ಜನರೂ ಬರಿಗೈಯಲ್ಲಿ ವಾಪಸು ಹೋದರು.

ಎರಡನೇ ವಾರ ಮೂರು ಮಾತು ಕೊಟ್ಟೆ. ‘ಇಲ್ಲ, ನಾನು ಹೋಗಲ್ಲ.’ ‘ಅದನ್ನೇ ಬರೆದು ಕೊಡಿ.’ ‘ನಾನು ಕಾಯ್ತೀನಿ.’ ಇದರ ಜೊತೆ ಒಂದು ನಿಯಮ: ಕಾಗದ ಯಾವಾಗಲೂ ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದಕ್ಕೆ ಮೊಹರು ಹಾಕಿಸಿ ನಿನಗೆ. ಮೊಹರು ಹಾಕಿಸದೆ ಬರಬೇಡ. ಈ ಕೊನೆಯ ಮಾತನ್ನು ಪ್ರತಿ ದಿನ ಪಾಠ ಮುಗಿಯುವಾಗ ಹೇಳುತ್ತಿದ್ದೆ. ಅವರೂ ಒಕ್ಕೊರಲಿನಿಂದ ಹೇಳುತ್ತಿದ್ದರು.

ಭಾಷೆ ಹೇಗೆ ಹತ್ತಿತು ಅನ್ನುತ್ತೀರಿ! ಒಗೆಯುವ ಯಂತ್ರದ ಮೇಲಿದ್ದ ಗಡ್ಡಪ್ಪ ತನ್ನ ಮನೆಯ ಮಾಲೀಕನ ಬಾಗಿಲಲ್ಲಿ ನಿಂತು, ಸೋರುವ ನಲ್ಲಿ ರಿಪೇರಿಯಾಗುವವರೆಗೆ ‘ನಾನು ಕಾಯ್ತೀನಿ’ ಎಂದು ಒಂದು ಗಂಟೆ ಹೇಳಿದನಂತೆ. ಬೇಸತ್ತ ಮಾಲೀಕನ ಹೆಂಡತಿಯೇ ನಲ್ಲಿಯವನನ್ನು ಕರೆತಂದಳು. ಮಡಿಕೆ ಮೇಜಿನ ಪಿಸುಮಾತಿನವಳು, ಬಾಯಿಗೆ ಕಿವಿ ಇಟ್ಟರೂ ಮಾತು ಕೇಳಿಸದ ಹೆಂಗಸು, ಇನ್ನೂ ಮುಂದೆ ಹೋದಳು. ಊಟದ ಡಬ್ಬಿ ಕೊಡಲೇ ಇಲ್ಲ ಎಂದು ಗಂಡ ದಿನಾ ತಕರಾರು ಮಾಡುತ್ತಿದ್ದ. ಈಗ ಬೆಳಗ್ಗೆ ಡಬ್ಬಿ ಕೊಡುವಾಗ ಸ್ವೀಕರಿಸಿದ್ದೇನೆ ಎಂದು ಅವನ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಕಾರ್ಖಾನೆಯಲ್ಲಿ ನನಗೆ ಕಿಟಕಿಯಮ್ಮ ಎಂಬ ಹೆಸರು ಬಿತ್ತು. ತಿಂಗಳಿಗೊಮ್ಮೆ ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, ಪುಸ್ತಕ ಎಲ್ಲಿಗೆ ಬಂತು ಮೇಡಂ ಎಂದು ಕೇಳುತ್ತಿದ್ದರು. ಪುಸ್ತಕ ಗಟ್ಟಿಯಾಗಿದೆ ಸರ್ ಎನ್ನುತ್ತಿದ್ದೆ, ಸುಳ್ಳೇನಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ಮಾತು ಬಾರದವನಿಗೂ ಜಗಳವಿಲ್ಲ. ಅವನ ಪಾಲಿನದನ್ನು ಕಿತ್ತುಕೊಂಡರೂ ಜಗಳವಿಲ್ಲ. ಇದನ್ನು ಯಾವ ಗಾದೆಯೂ ಹೇಳುವುದಿಲ್ಲ, ಆದರೆ ಕಿಟಕಿಯ ಹಿಂದೆ ಕೂತವರಿಗೆಲ್ಲ ಗೊತ್ತು. ನನ್ನ ಕಾಲದಲ್ಲಿ ಒಬ್ಬ ಹೆಂಗಸು ಬಾಟಲಿಯಲ್ಲಿ ಕೆಸರು ನೀರು ತುಂಬಿಕೊಂಡು ಒಂಬತ್ತು ದಿನ ನನ್ನ ಕಿಟಕಿಗೆ ಬಂದಿದ್ದಳು. ಭಾಷೆ ಬಾರದು. ಬಾಟಲಿ ತೋರಿಸುತ್ತಿದ್ದಳು, ಕಂಕುಳಲ್ಲಿದ್ದ ಮಗುವಿನ ಹೊಟ್ಟೆ ತೋರಿಸುತ್ತಿದ್ದಳು. ನಾನು ಅರ್ಜಿಯ ನಮೂನೆ ತೋರಿಸುತ್ತಿದ್ದೆ. ಹತ್ತನೇ ದಿನ ಅವಳು ಬರಲಿಲ್ಲ. ನಾನು ನಿಯಮ ಮೀರಿರಲಿಲ್ಲ, ನನ್ನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆದರೆ ಇವತ್ತಿಗೂ ನಲ್ಲಿಯಲ್ಲಿ ನೀರು ಕದಡಿ ಬಂದರೆ ನನಗೆ ಆ ಮಗುವಿನ ಹೊಟ್ಟೆ ನೆನಪಾಗುತ್ತದೆ, ನಾಚಿಕೆಯಾಗುತ್ತದೆ. ಆ ನಾಚಿಕೆ ತೀರಿಸಿಕೊಳ್ಳಲೆಂದೇ ನಾನು ಈ ಕೆಲಸಕ್ಕೆ ಬಂದದ್ದು.

ಹನ್ನೊಂದು ಜನರಲ್ಲಿ ಕೊನೆಯವರೆಗೆ ಮೊಹರು ಸಿಗದವಳು ಅತ್ತಿಗೆ ಒಬ್ಬಳೇ. ಅವಳ ಗಂಡನ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಆ ನಾದಿನಿ ತಮ್ಮ ಮಾತಿನಲ್ಲಿ ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದಳು, ಅರ್ಥ ತಿಳಿದ ಮೇಲೆ ನಾವೂ ಹಾಗೇ ಕರೆದೆವು. ಅತ್ತಿಗೆಗೆ ಮೂವತ್ತೈದು ದಾಟಿರಬಹುದು. ನಗುವುದು ಕಡಿಮೆ. ಒಂದು ಮಾತು ಹೇಳಿಕೊಟ್ಟರೆ ಅದನ್ನು ಬಾಯಲ್ಲಿ ಹೊರಳಿಸಿ, ಕಲ್ಲಿದೆಯೋ ಎಂದು ನೋಡಿ, ಆಮೇಲೆ ನುಂಗುವವಳು. ನಾದಿನಿಗೆ ಇಪ್ಪತ್ತೆರಡು. ಅವಳು ಪಾಠಕ್ಕೆ ಬರುತ್ತಲೇ ಇರಲಿಲ್ಲ. ನನಗೇಕೆ ಭಾಷೆ, ನನ್ನ ಪರವಾಗಿ ಮಾತಾಡಲು ಅತ್ತಿಗೆ ಇದ್ದಾಳಲ್ಲ ಎಂದು ಪಾಳಿ ಮುಗಿದೊಡನೆ ಓಡುತ್ತಿದ್ದಳು.

ಇಬ್ಬರೂ ಮೂರನೇ ಇಸ್ತ್ರಿ ಯಂತ್ರದವರು. ಅದರಲ್ಲಿ ಮನುಷ್ಯನ ಎರಡರಷ್ಟು ಉದ್ದದ ಬಿಸಿ ಉರುಳೆಗಳು ತಿರುಗುತ್ತಿರುತ್ತವೆ. ಇಬ್ಬರು ಒದ್ದೆ ಹೊದಿಕೆಯ ಎರಡು ಮೂಲೆ ಹಿಡಿದು ಉರುಳೆಗೆ ಕೊಡಬೇಕು, ಆ ಕಡೆಯಿಂದ ಗರಿಗರಿಯಾಗಿ ಬರುತ್ತದೆ. ಉರುಳೆಯ ಮುಂದೆ ಬೆರಳಿನ ಎತ್ತರಕ್ಕೆ ಒಂದು ತಡೆಪಟ್ಟಿ ಇರುತ್ತದೆ. ಬೆರಳು ಒಳಕ್ಕೆ ಹೋಗುವ ಮೊದಲು ಪಟ್ಟಿಗೆ ತಗುಲುತ್ತದೆ, ಯಂತ್ರ ನಿಲ್ಲುತ್ತದೆ. ನಾನು ಇದನ್ನೆಲ್ಲ ಯಂತ್ರ ನೋಡಿ ತಿಳಿದದ್ದಲ್ಲ, ಅತ್ತಿಗೆಯ ಅರ್ಜಿಯಿಂದ ತಿಳಿದದ್ದು.

ಮೂರನೇ ತಿಂಗಳು ಒಂದು ಮನೆಪಾಠ ಕೊಟ್ಟಿದ್ದೆ. ನಿಜವಾದ ತೊಂದರೆಯ ಬಗ್ಗೆಯೇ ಅರ್ಜಿ ಬರೆಯಬೇಕು, ಸುಳ್ಳು ತೊಂದರೆ ಬರೆದರೆ ಮಾತಿಗೆ ಬಿಸಿ ಬರುವುದಿಲ್ಲ ಎಂದಿದ್ದೆ. ಅತ್ತಿಗೆ ಮೂರು ದಿನ ಕಷ್ಟಪಟ್ಟು ಬರೆದು ತಂದಳು. ‘ಮೂರನೇ ಯಂತ್ರದ ತಡೆಪಟ್ಟಿಯನ್ನು ಹರಿದ ಬಟ್ಟೆಯಿಂದ ಕಟ್ಟಿದ್ದಾರೆ. ಬಟ್ಟೆ ಸುಕ್ಕಾದರೂ ಯಂತ್ರ ನಿಲ್ಲುತ್ತಿತ್ತು, ಕೆಲಸ ತಡವಾಗುತ್ತಿತ್ತು, ಅದಕ್ಕೆ ಕಟ್ಟಿದರು. ಈಗ ಕೈ ತಗುಲಿದರೂ ನಿಲ್ಲುವುದಿಲ್ಲ. ಬಿಚ್ಚಿ ರಿಪೇರಿ ಮಾಡಿಸಿ. ನನಗೆ ಉತ್ತರ ಬೇಕು.’ ನನಗೆ ಆದ ಖುಷಿ ಹೇಳತೀರದು. ಎರಡು ಕಡೆ ಕೆಂಪು ಶಾಯಿಯಲ್ಲಿ ತಿದ್ದಿದೆ. ಬದಿಯಲ್ಲಿ ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ಎರಡು ಪ್ರತಿ ಮಾಡಿಕೊಂಡು ಬಾ, ಮೊಹರು ಹಾಕಿಸದೆ ಬರಬೇಡ ಎಂದು ಎಂದಿನಂತೆ ಕಳಿಸಿದೆ. ಮುಂದಿನ ಪಾಠದಲ್ಲಿ ನನ್ನ ರಟ್ಟಿನ ಕಿಟಕಿಗೆ ತರಲಿ ಎಂಬುದು ನನ್ನ ಅರ್ಥ.

ಮುಂದಿನ ಪಾಠಕ್ಕೆ ನಾನೇ ಹೋಗಲಿಲ್ಲ. ದವಡೆ ಹಲ್ಲು ಕೀಳಿಸಿಕೊಂಡು ಮುಖ ಊದಿಸಿಕೊಂಡು ಮನೆಯಲ್ಲಿದ್ದೆ. ಅದರ ಮುಂದಿನ ವಾರ ಉಳಿದವರೆಲ್ಲ ಅರ್ಜಿ ಹಿಡಿದು ಸಾಲಾಗಿ ನಿಂತರು, ಅತ್ತಿಗೆ ಬೆಂಚಿನಿಂದ ಏಳಲೇ ಇಲ್ಲ. ನಿನ್ನದೆಲ್ಲಿ ಎಂದು ಕೇಳಿದೆ. ಮುಗೀತು ಅಂದಳು. ಸೋತು ಕೈಚೆಲ್ಲಿದ್ದಾಳೆ ಅಂದುಕೊಂಡೆ. ಇಷ್ಟು ದಿನ ಹೇಳಿಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಎಲ್ಲರೆದುರು ಬೈದೆ. ಅವಳು ಬೈಗುಳವನ್ನೆಲ್ಲ ಕೇಳಿಸಿಕೊಂಡಳು.

ಆ ಅರ್ಜಿ ತಿದ್ದಿ ಏಳು ವಾರವಾಗಿತ್ತು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾದಿನಿಯ ಬಲಗೈ ಹೊದಿಕೆಯ ಜೊತೆ ಉರುಳೆಗೆ ಹೋಯಿತು. ಮೂರು ಬೆರಳು. ಪಟ್ಟಿ ಅಲುಗಲಿಲ್ಲ, ಯಂತ್ರ ನಿಲ್ಲಲಿಲ್ಲ. ಅತ್ತಿಗೆ ಓಡಿಹೋಗಿ ಗೋಡೆಯ ಮೇಲಿನ ದೊಡ್ಡ ಗುಂಡಿ ಒತ್ತಿ ಇಡೀ ಸಾಲನ್ನೇ ನಿಲ್ಲಿಸಿದಳಂತೆ. ಇದನ್ನು ನನಗೆ ಹೇಳಿದ್ದು ಗಡ್ಡಪ್ಪ. ಹೇಳುವಾಗ ಅವನು ತನ್ನ ಬೆರಳುಗಳನ್ನೇ ಹಿಡಿದುಕೊಂಡಿದ್ದ.

ಆರನೇ ದಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಅವರ ಕೋಣೆಗೆ ಮೂರು ಕಡೆ ಗಾಜಿನ ಗೋಡೆ. ಆಚೆ ಮಡಿಕೆ ಮೇಜುಗಳು, ಮೇಜಿನ ಹಿಂದೆ ಜನ. ಎಲ್ಲರ ಕೈ ಬಟ್ಟೆಯ ಮೇಲೆ, ಕಣ್ಣು ನಮ್ಮ ಮೇಲೆ. ಒಳಗೆ ನಾದಿನಿ ಬ್ಯಾಂಡೇಜಿನ ಕೈಯನ್ನು ಮಗುವಿನಂತೆ ಎದೆಗಾನಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅತ್ತಿಗೆ. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ. ಮ್ಯಾನೇಜರ್ ಒರಟರಲ್ಲ, ನಯದ ಮನುಷ್ಯ. ಹುಡುಗಿಗೆ ಭಾಷೆ ಬರುವುದಿಲ್ಲ, ಅತ್ತಿಗೆ ಓದಿ ಅವಳಿಗೆ ತಿಳಿಸಲಿ, ಅತ್ತಿಗೆಗೆ ಕಷ್ಟವಾದರೆ ನೀವು ತಿಳಿಸಿ, ಎಡಗೈಯಲ್ಲಿ ಒಂದು ಸಹಿ ಆದರೆ ಸಾಕು ಎಂದರು. ಸಹಿಯಾದರೆ ಕೆಲಸ ಉಳಿಯುತ್ತದೆ, ಚಿಕಿತ್ಸೆ ಕಂಪನಿಯೇ ನೋಡಿಕೊಳ್ಳುತ್ತದೆ. ಆಗದಿದ್ದರೆ ಇಬ್ಬರ ವಿಷಯವನ್ನೂ ಯೋಚನೆ ಮಾಡಬೇಕಾಗುತ್ತದೆ.

ನಾನು ಹಾಳೆಯ ಮೇಲೆ ಕಣ್ಣಾಡಿಸಿದೆ. ಯಂತ್ರ ಸುಸ್ಥಿತಿಯಲ್ಲಿತ್ತು, ನನ್ನ ಅಜಾಗರೂಕತೆಯಿಂದಲೇ ಅಪಘಾತವಾಯಿತು, ಇದಕ್ಕೆ ಬೇರೆ ಯಾರೂ ಹೊಣೆಯಲ್ಲ ಎಂದಿತ್ತು. ಮೂರು ಬೆರಳು ಸುಟ್ಟುಕೊಂಡವಳ ಕೈಯಿಂದಲೇ ತಪ್ಪೊಪ್ಪಿಗೆ! ನನಗೆ ಪಿತ್ತ ನೆತ್ತಿಗೇರಿತು. ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂಡಿಟ್ಟದ್ದನ್ನೆಲ್ಲ ಈ ಮನುಷ್ಯನ ಮುಖಕ್ಕೆ ಸುರಿಯುತ್ತೇನೆ ಎಂದು ಕುರ್ಚಿಯಿಂದ ಅರ್ಧ ಎದ್ದೆ.

ಅತ್ತಿಗೆ ನನ್ನ ತೋಳು ಹಿಡಿದು ಕೂರಿಸಿದಳು. “ನೀವು ಸುಮ್ನಿರಿ ಟೀಚರ್. ಇದು ನನ್ನ ಕಿಟಕಿ.”

ನಾನು ಸುಮ್ಮನಾದೆ. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಅವತ್ತು ಗೊತ್ತಾಯಿತು.

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಹಾಳೆಯನ್ನು ಬೆರಳಿಟ್ಟು ಓದತೊಡಗಿದಳು. ಒಂದೊಂದು ಪದಕ್ಕೂ ನಿಂತಳು. ಸುಸ್ಥಿತಿ ಅಂದರೇನು ಎಂದು ಮ್ಯಾನೇಜರನ್ನೇ ಕೇಳಿದಳು. ಚೆನ್ನಾಗಿತ್ತು ಅಂತ ಎಂದರು. ಅಜಾಗರೂಕತೆ ಅಂದರೇನು ಎಂದಳು. ಹುಷಾರು ತಪ್ಪಿದ್ದು ಎಂದರು. ಅದನ್ನು ನಾದಿನಿಗೆ ತಮ್ಮ ಮಾತಿನಲ್ಲಿ ಹೇಳಿದಳು. ನಾದಿನಿಯ ಮುಖ ಸುಣ್ಣದಂತಾಯಿತು. ಮ್ಯಾನೇಜರ್ ಗಡಿಯಾರ ನೋಡಿ, ಮಧ್ಯಾಹ್ನ ಸಭೆಯಿದೆ, ಬೇಗ ಆಗಲಿ ಎಂದರು. ಇವಳು ಕಾಯ್ತೀನಿ ಅಂದಳು. ಸಭೆ ಮುಗಿಯುವಾಗ ಸಂಜೆಯಾಗುತ್ತದೆ ಎಂದರು. ಸಂಜೆಯವರೆಗೂ ಕಾಯ್ತೀನಿ ಅಂದಳು. ಇದು ನಿನಗೆ ಸಂಬಂಧಿಸಿದ್ದಲ್ಲ, ನೀನು ಬರೀ ಓದಿ ಹೇಳಬೇಕಾದವಳು ಎಂದರು. ಏನೂ ಹೇಳದೆ ಅವರ ಮುಖವನ್ನೇ ನೋಡಿದಳು. ಒಂದು ನಿಮಿಷ, ಎರಡು ನಿಮಿಷ. ಅದು ನನ್ನ ಅಸ್ತ್ರ, ನನ್ನಿಂದಲೇ ಕಲಿತದ್ದು. ಮ್ಯಾನೇಜರ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

“ನೋಡಮ್ಮ,” ಅಂದರು ಕೊನೆಗೆ. “ಯಂತ್ರ ಕೆಟ್ಟಿದ್ರೆ ನೀವು ಯಾರಾದ್ರೂ ಬಂದು ಹೇಳ್ಬೇಕಿತ್ತು. ಇವತ್ತಿನವರೆಗೆ ಒಂದೇ ಒಂದು ದೂರು ಬಂದಿಲ್ಲ. ಬಂದಿದ್ರೆ ಅವತ್ತೇ ಸರಿ ಮಾಡಿಸ್ತಿದ್ದೆ.”

“ದೂರು ಬಂದಿಲ್ವಾ ಸರ್?”

“ಇಲ್ಲ.”

“ಅದನ್ನೇ ಬರೆದು ಕೊಡಿ.”

ಅದರಿಂದ ತಮಗೇ ಅನುಕೂಲ ಎಂದು ಅವರಿಗೆ ತೋರಿರಬೇಕು. ಹಾಳೆಯ ಕೆಳಗೆ ‘ಈ ಯಂತ್ರದ ಬಗ್ಗೆ ಇದುವರೆಗೆ ಯಾವ ದೂರೂ ಬಂದಿಲ್ಲ’ ಎಂದು ಸ್ವಂತ ಕೈಬರಹದಲ್ಲಿ ಬರೆದು ಸಹಿ ಮಾಡಿ ತಾರೀಖು ಹಾಕಿದರು. ಅತ್ತಿಗೆ ನಕಲು ಕೇಳಿದಳು. ಹಿಂದಿದ್ದ ನಕಲು ಯಂತ್ರದಲ್ಲಿ ತೆಗೆದುಕೊಟ್ಟರು. ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿ, ಅದೇ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಚೀಲದಲ್ಲಿ ನಾಲ್ಕು ಮಡಿಕೆಯ ಕಾಗದ. ಬಿಚ್ಚಿ ಮೇಜಿನ ಮೇಲೆ ಇಟ್ಟಳು, ಕೈ ಮಾತ್ರ ಕಾಗದದ ಮೇಲಿಂದ ತೆಗೆಯಲಿಲ್ಲ.

ಮೂರನೇ ಯಂತ್ರದ ಅರ್ಜಿ. ಕೆಳಗೆ ಕಾರ್ಖಾನೆಯ ಕಚೇರಿಯದೇ ನೀಲಿ ಮೊಹರು, ಏಳು ವಾರ ಹಿಂದಿನ ತಾರೀಖು, ಗುಮಾಸ್ತೆಯ ಗೀಚು.

ನಾನು ಹಲ್ಲು ನೋವಿನಲ್ಲಿ ಮಲಗಿದ್ದ ದಿನ ಅವಳು ಕಚೇರಿಗೇ ಹೋಗಿದ್ದಳು. ನನ್ನ ರಟ್ಟಿನ ಕಿಟಕಿ ಇರುವುದು ಅಭ್ಯಾಸಕ್ಕೆ, ನಿಜವಾದ ಅರ್ಜಿ ಹೋಗಬೇಕಾದ್ದು ನಿಜವಾದ ಕಿಟಕಿಗೆ ಎಂದು ತಿಳಿದಿದ್ದಳು. ಕಚೇರಿಯ ಗುಮಾಸ್ತೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಮುಂದೆ ಚಾಚಿದ್ದಕ್ಕೆಲ್ಲ ಓದದೆ ಮೊಹರು ಒತ್ತುವವಳು. ಒತ್ತಿದ್ದಳು. ಮೂಲ ಪ್ರತಿ ಯಾವುದೋ ಕಡತದಲ್ಲಿ ನಿದ್ದೆ ಹೋಯಿತು. ನಕಲು ಪ್ರತಿ ಅತ್ತಿಗೆಯ ಜೇಬಿನಲ್ಲಿ ಎಚ್ಚರವಾಗಿತ್ತು. ಮುಗೀತು ಅಂದಿದ್ದಳಲ್ಲ, ಮುಗಿದಿತ್ತು.

“ಸಹಿ ಮಾಡಲ್ಲ,” ಅಂದಳು ಅತ್ತಿಗೆ. “ಇವಳ ತಪ್ಪಲ್ಲ. ನಾನು ಹೇಳ್ದೆ. ನೀವು ಸ್ವೀಕರಿಸಿದ್ರಿ. ಉತ್ತರ ಕೊಡ್ಲಿಲ್ಲ.”

ಗಾಜಿನಾಚೆ ಕೈಗಳೆಲ್ಲ ನಿಂತಿದ್ದವು. ಮ್ಯಾನೇಜರ್ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, ಇದನ್ನೆಲ್ಲ ನೀವೇ ಹೇಳಿಕೊಟ್ಟಿದ್ದಾ ಎಂದರು. ಭಾಷೆ ಹೇಳಿಕೊಡಿ ಅಂದಿದ್ದಿರಿ, ಹೇಳಿಕೊಟ್ಟೆ ಎಂದೆ. ಆ ಅರ್ಜಿಯ ಒಂದೊಂದು ವಾಕ್ಯವೂ ನನಗೆ ಬಾಯಿಪಾಠವಾಗಿತ್ತು, ನಾನೇ ತಿದ್ದಿದ್ದು. ಹೊರಗೆ ಬರುವಾಗ ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು. ಹೆಮ್ಮೆ ಬಿಟ್ಟು ಬೇರೆ ಯಾವುದೂ ಅವತ್ತು ನನ್ನ ತಲೆಗೆ ಬರಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಮರುದಿನ ನನ್ನ ಸೇವೆ ಸಾಕು ಎಂಬ ಪತ್ರ ಬಂತು. ತಂದವನು ಸಹಿ ಕೇಳಿದ. ತಾರೀಖು, ಗಂಟೆ, ನಿಮಿಷ ಸಮೇತ ಹಾಕಿ, ನನಗೂ ಒಂದು ಪ್ರತಿ ಕೊಡು ಎಂದೆ. ಅತ್ತಿಗೆ ಹೊಸ ದೂರಿನ ಎರಡು ಪ್ರತಿ, ಮೊಹರು ಬಿದ್ದ ಹಳೆಯ ಅರ್ಜಿ, ಮ್ಯಾನೇಜರ್ ಬರೆದುಕೊಟ್ಟದ್ದರ ನಕಲು ಹಿಡಿದು ಕಾರ್ಮಿಕರ ಸುರಕ್ಷತೆ ನೋಡುವ ಕಚೇರಿಗೆ ಹೋದಳು. ಅಲ್ಲಿ ನಾಲ್ಕು ಸಲ ನಾಳೆ ಬಾ ಅಂದರಂತೆ, ಐದನೆಯ ಸಲ ತನಿಖೆಯವರು ಬಂದರು. ಮೂರನೇ ಯಂತ್ರಕ್ಕೆ ಹತ್ತೊಂಬತ್ತು ದಿನ ಬೀಗ ಬಿತ್ತು. ಪಟ್ಟಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು, ಉಳಿದ ಯಂತ್ರಗಳನ್ನೂ ನೋಡಿದರು. ಅತ್ತಿಗೆ ನಾದಿನಿ ಇಬ್ಬರ ಕೆಲಸವನ್ನೂ ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಆದರೆ ನಾದಿನಿಯ ಎರಡು ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದು ವೈದ್ಯರು ಹೇಳಿದರು. ಯಾವ ಮೊಹರೂ ಅದನ್ನು ಸರಿಮಾಡುವುದಿಲ್ಲ.

ಪಾಠ ನಿಲ್ಲಲಿಲ್ಲ. ಅತ್ತಿಗೆ ಇರುವ ಕಟ್ಟಡದ ಕೆಳಗೆ ಸೈಕಲ್ ನಿಲ್ಲಿಸುವ ಕೋಣೆಯಿದೆ. ಗಡ್ಡಪ್ಪ ನನ್ನ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಕಾರ್ಖಾನೆಯ ಮುಂಬಾಗಿಲಿನಿಂದಲೇ ತಂದ. ಪುಸ್ತಕವನ್ನೂ ತಂದಿದ್ದ, ಇಲ್ಲಿನ ಮೇಜಿನ ಕಾಲು ಸರಿಯಿದ್ದದ್ದರಿಂದ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟೆವು. ಈಗ ಯಾರೂ ಬಗ್ಗುವುದಿಲ್ಲ. ಒಂದು ಮುಕ್ಕಾಲಿ ಎಳೆದುಕೊಂಡು, ಕಿಟಕಿಗೆ ಸರಿಸಮ ಕೂತು ಮಾತಾಡುತ್ತಾರೆ.

ಮೂರನೇ ಭಾನುವಾರ ಮಧ್ಯಾಹ್ನ ನಾದಿನಿ ಬಂದಳು. ಮೊದಲ ಸಲ. ಅತ್ತಿಗೆ ಅವಳನ್ನು ಕರೆತರಲಿಲ್ಲ, ಗೋಡೆಗೊರಗಿ ದೂರ ನಿಂತಿದ್ದಳು. ನಾದಿನಿ ಮುಕ್ಕಾಲಿಯ ಮೇಲೆ ಕೂತಳು. ನನಗೆ ಕನಿಕರವಾಯಿತು. ಆದರೆ ಕನಿಕರದಿಂದ ಮೊಹರು ಕೊಟ್ಟರೆ ಪಾಠ ಕೆಟ್ಟಿತು ಎಂದು ಮುಖ ಗಂಟಿಕ್ಕಿಕೊಂಡೆ.

“ಸಾಹೇಬ್ರಿಲ್ಲ. ಪಕ್ಕದ ಕಿಟಕಿಗೆ ಹೋಗು,” ಅಂದೆ.

“ಇಲ್ಲ,” ಅಂದಳು ನಾದಿನಿ. “ಇದೇ ಕಿಟಕಿ.”

ಎರಡು ಪ್ರತಿ ಒಳಕ್ಕೆ ತಳ್ಳಿದಳು. ಭಾಷೆ ಮನೆಯಲ್ಲಿ ಅತ್ತಿಗೆಯಿಂದ ಕಲಿತದ್ದಿರಬೇಕು; ಎಡಗೈಯಲ್ಲಿ ಬರೆದ ಅಕ್ಷರ, ಒಂದೊಂದೂ ಒಂದೊಂದು ಕಡೆಗೆ ವಾಲಿತ್ತು. ಕನ್ನಡಕ ಸರಿಮಾಡಿಕೊಂಡು, ತಪ್ಪು ತಿದ್ದಲು ಕೆಂಪು ಪೆನ್ನು ಕೈಗೆತ್ತಿಕೊಂಡೆ.

‘ಟೀಚರ್ ಅವರಿಗೆ. ಅತ್ತಿಗೆಯ ಅರ್ಜಿಯನ್ನು ಎಲ್ಲರಿಗಿಂತ ಮೊದಲು ಓದಿದವರು ನೀವು. ಯಂತ್ರ ನಿಲ್ಲುವುದಿಲ್ಲ ಎಂದು ಅದರಲ್ಲಿ ಇತ್ತು. ನೀವು ತಪ್ಪು ತಿದ್ದಿದಿರಿ. ಬಹಳ ಚೆನ್ನಾಗಿದೆ ಎಂದು ಬರೆದಿರಿ. ಯಂತ್ರ ನೋಡಲು ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಏಳು ವಾರ ಇತ್ತು. ಯಾಕೆ? ನನಗೆ ಉತ್ತರ ಬೇಕು.’

ಕೆಂಪು ಪೆನ್ನು ಕೆಳಗಿಟ್ಟೆ. ಹೊಲಿಯುವ ಕೋಣೆಯಿಂದ ಮೂರನೇ ಯಂತ್ರಕ್ಕೆ ಎಷ್ಟು ದೂರ? ಮೂವತ್ತು ಹೆಜ್ಜೆ. ವಾರಕ್ಕೆ ಎರಡು ಸಲ ಅದರ ಪಕ್ಕದಿಂದಲೇ ಹಾದು ಹೋಗುತ್ತಿದ್ದೆ. ಕೈ ತಗುಲಿದರೂ ನಿಲ್ಲುವುದಿಲ್ಲ ಎಂಬ ಮಾತನ್ನು ಓದಿ, ವಾಕ್ಯ ಎಷ್ಟು ಚೆನ್ನಾಗಿದೆ ಎಂದು ಸಂತೋಷಪಟ್ಟವಳು ನಾನು. ಬಾಟಲಿಯ ಹೆಂಗಸಿಗೆ ಭಾಷೆ ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅತ್ತಿಗೆಗೆ ಭಾಷೆ ಇತ್ತು, ನಾನೇ ಕೊಟ್ಟಿದ್ದೆ. ಆದರೂ ನಾನು ಕೇಳಿಸಿಕೊಂಡಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ ಇರಬೇಕು. ಅತ್ತುಬಿಟ್ಟರೆ ಹಗುರವಾಗುತ್ತಿತ್ತು. ಅತ್ತರೆ ಅದೂ ಒಂದು ಕುಯುಕ್ತಿಯೇ ಆಗುತ್ತದೆ ಎಂದು ಅಳಲಿಲ್ಲ.

ಮೊಹರನ್ನು ಶಾಯಿಗೆ ಒತ್ತಿ ಎರಡೂ ಪ್ರತಿಯ ಮೇಲೆ ಹಾಕಿದೆ. ಸಹಿ ಮಾಡಿ, ತಾರೀಖು ಬರೆದು, ಅವಳ ಪ್ರತಿಯನ್ನು ಹೊರಕ್ಕೆ ಚಾಚಿದೆ.

“ಉತ್ತರ ಯಾವಾಗ?” ಅಂದಳು.

ಏಳು ದಿನದೊಳಗೆ ಎಂಬ ಮಾತು ಇಪ್ಪತ್ತಾರು ವರ್ಷದ ಅಭ್ಯಾಸದಿಂದ ತಾನಾಗಿಯೇ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

ನಾದಿನಿ ತನ್ನ ಪ್ರತಿಯನ್ನು ಎಡಗೈಯಲ್ಲಿ ಮಡಚಿ ಜೇಬಿಗೆ ಹಾಕಿಕೊಂಡಳು. ಮುಕ್ಕಾಲಿಯಿಂದ ಏಳಲಿಲ್ಲ. “ನಾನು ಕಾಯ್ತೀನಿ,” ಅಂದಳು.

ಕಿಟಕಿಯ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದೆ. ಬಿಳಿ ಹಾಳೆ ತೆಗೆದುಕೊಂಡು ಅವಳೆದುರಿಗೇ ಬರೆಯಲು ಶುರು ಮಾಡಿದೆ.